ತೋಟಕ್ಕೆ ಬಂದ ಕಾರಿಗೂ ಊಟ ಬೇಕು!

ಊರ ಹೊರಗಿನ ತೋಟದಲ್ಲಿ ಡೇರೆ ಹಾಕಿಕೊಂಡು ಒಂದು ರಾತ್ರಿ ಉಳಿಯುವ ಪೇಟೆಯ ಮಂದಿ ಈಗ ಕರೆಂಟಿನ ಕಾರಲ್ಲಿ ಬರತೊಡಗಿದ್ದಾರೆ. ‘ಒಂದು ಪ್ಲಗ್ ಕೊಡ್ತೀರಾ?’ ಎಂದರೆ ಇಲ್ಲವೆನ್ನಲು ನಮ್ಮ ಬಾಯಿ ಬರುವುದಿಲ್ಲ. ಆದರೆ ಕೊಡುವ ಮೊದಲು ತಿಳಿದಿರಬೇಕಾದ ಮಾತುಗಳಿವೆ. ಅಮರಗೋಳದ ಕೃಷಿಕರೊಬ್ಬರು ಕೈ ಸುಟ್ಟುಕೊಂಡು ಕಲಿತದ್ದನ್ನು ಇಲ್ಲಿ ಹಂಚಿಕೊಂಡಿದ್ದಾರೆ.

ನಮ್ಮದು ಅಮರಗೋಳದ ಅಂಚಿಗೆ ನಾಲ್ಕು ಎಕರೆ. ಎರಡೂವರೆ ಎಕರೆ ಎರೆ ಹೊಲ. ಮುಂಗಾರಿಗೆ ಹೆಸರು ಇಲ್ಲವೇ ಸೋಯಾ, ಹಿಂಗಾರಿಗೆ ಕಡಲೆ, ಬಿಳಿಜೋಳ. ಉಳಿದದ್ದರಲ್ಲಿ ಅಪ್ಪ ಹಚ್ಚಿದ ಮಾವು, ಒಂದಿಷ್ಟು ಪೇರಲ, ಒಂದು ಬೋರು. ಹುಬ್ಬಳ್ಳಿಗೂ ಧಾರವಾಡಕ್ಕೂ ನಡುವೆ ಇರುವ ಊರು ನಮ್ಮದು. ಎ.ಪಿ.ಎಂ.ಸಿ. ಇಲ್ಲೇ. ಪಿ.ಬಿ. ರೋಡು, ರೈಲು, ಬೈಪಾಸು ಎಲ್ಲ ಕೂಗಳತೆಯಲ್ಲಿ. ಬೆಂಗಳೂರಿಂದ ದಾಂಡೇಲಿಗೋ ಗೋವಾಕ್ಕೋ ಹೊರಟವರಿಗೆ ನಾಲ್ಕು ನೂರು ಕಿಲೋಮೀಟರ್ ದಾಟಿ ಬೆನ್ನು ನೋಯುವ ಹೊತ್ತಿಗೆ ಸಿಗುವುದು ನಮ್ಮ ಸೀಮೆ.

ಬೆಂಗಳೂರಿನಲ್ಲಿ ನೌಕರಿ ಮಾಡುವ ನನ್ನ ಅಳಿಯನೇ ಇದನ್ನು ತಲೆಗೆ ತುಂಬಿದವ. “ಮಾವಾ, ಮಾವಿನ ಗಿಡದ ಕೆಳಗ ಎರಡು ಟೆಂಟು ಹಾಕ್ರಿ. ಒಂದು ಬಚ್ಚಲ, ಒಂದು ಪಾಯಖಾನಿ ಸ್ವಚ್ಛ ಇಟ್ರ ಸಾಕು. ರೊಟ್ಟಿ, ಎಣಗಾಯಿ ಪಲ್ಯ ಕೊಟ್ರ ಮಂದಿ ಹುಡುಕ್ಕೊಂಡು ಬರ್ತಾರ” ಎಂದ. ಬಂದರು ಕೂಡ. ತಿಂಗಳಿಗೆ ನಾಲ್ಕೋ ಐದೋ ಕುಟುಂಬ. ಹೊಲದ ಹುಟ್ಟುವಳಿಗೆ ಇದು ಹೋಲಿಕೆಯಲ್ಲ, ಆದರೆ ಬೀಜ-ಗೊಬ್ಬರದ ಹೊತ್ತಿಗೆ ಸಾಲ ಕೇಳುವುದು ತಪ್ಪಿತು.

ಆ ರಾತ್ರಿ ಆದದ್ದು

ಕಳೆದ ವರ್ಷ ಹೋಳಿಹುಣ್ಣಿಮೆ ಮುಗಿದ ವಾರ. ಬಿಳಿಜೋಳ ಕಿತ್ತು, ತೆನೆ ಮುರಿದು, ಕಣಿಕಿಯ ಬಣವಿ ಒಟ್ಟಿದ್ದೆವು. ಸಂಜೆ ಏಳಕ್ಕೆ ಒಂದು ಕಾರು ಬಂತು. ಸದ್ದೇ ಇಲ್ಲ. ನಾಯಿಯೂ ಬೊಗಳಲಿಲ್ಲ! ಗಂಡ, ಹೆಂಡತಿ, ಎರಡು ಮಕ್ಕಳು. ಇಳಿದವನೇ ಕೇಳಿದ, “ಅಂಕಲ್, ಹದಿನೈದು ಆಂಪ್ಸ್ ಪಾಯಿಂಟ್ ಎಲ್ಲಿದೆ? ಹನ್ನೆರಡು ಪರ್ಸೆಂಟ್ ಉಳಿದಿದೆ ಅಷ್ಟೇ.”

ಫೋನಿಗೆ ಚಾರ್ಜ್ ಹಾಕಿದ ಹಾಗೆ ಇದೂ ಒಂದು ಅಂದುಕೊಂಡೆ. ದನದ ಕೊಟ್ಟಿಗೆಯಲ್ಲಿ ಮೇವು ಕತ್ತರಿಸುವ ಯಂತ್ರಕ್ಕೆಂದು ಹಾಕಿಸಿದ ದೊಡ್ಡ ಪ್ಲಗ್ ಇತ್ತು. ಅಲ್ಲಿಂದ ಕಾರಿಗೆ ನಲವತ್ತು ಮೀಟರ್ ದೂರ. ಕಣದಲ್ಲಿ ರಾಶಿ ಮಾಡುವಾಗ ದೀಪಕ್ಕೆ ಎಳೆಯುವ ವಾಯರಿನ ಉರುಳಿ ತಂದು ಜೋಡಿಸಿದೆ. ಅರ್ಧ ವಾಯರು ಬಿಚ್ಚಿತು, ಅರ್ಧ ಉರುಳಿಯಲ್ಲೇ ಉಳಿಯಿತು. ಉರುಳಿ ಇಟ್ಟದ್ದು ಎಲ್ಲಿ? ಇಬ್ಬನಿ ಬೀಳದ ಜಾಗವೆಂದು ಬಣವಿಯ ಮಗ್ಗುಲಿಗೆ! ಕಾರಿನಲ್ಲಿ ಹಸಿರು ದೀಪ ಹತ್ತಿತು. ಊಟ ಮಾಡಿ ಎಲ್ಲರೂ ಮಲಗಿದೆವು.

ನಡುರಾತ್ರಿ ಒಂದರ ಸುಮಾರಿಗೆ ನಮ್ಮಾಕೆ ಎಬ್ಬಿಸಿದಳು. “ಏನೋ ಸುಟ್ಟ ನಾತ ಬರಾಕತ್ತೈತಿ, ಏಳ್ರಿ ಲಗೂನ.” ಓಡಿ ಹೋದರೆ ಉರುಳಿಯೊಳಗಿನ ವಾಯರು ಬೆಲ್ಲದ ಪಾಕದ ಹಾಗೆ ಒಂದಕ್ಕೊಂದು ಅಂಟಿಕೊಂಡು ಹೊಗೆಯಾಡುತ್ತಿತ್ತು. ಬಣವಿಗೂ ಅದಕ್ಕೂ ನಡುವೆ ಒಂದು ಗೇಣು. ಕೊಟ್ಟಿಗೆಯಲ್ಲಿ ಎರಡು ಎಮ್ಮೆ, ಒಂದು ಕರು. ಅದರಾಚೆ ಮಕ್ಕಳು ಮಲಗಿದ್ದ ಡೇರೆ. ವಾಯರಿಗೆ ಕೈ ಹಚ್ಚದೆ ಮೊದಲು ಮೀಟರಿನ ಹತ್ತಿರ ಹೋಗಿ ಮೇನ್ ಕೆಳಗೆ ಎಳೆದೆ. ಅಷ್ಟು ಬುದ್ಧಿ ದೇವರು ಕೊಟ್ಟ. ಬೆಳಗಾಗುವವರೆಗೆ ನಾನೂ ಆ ಹುಡುಗನೂ ಬಣವಿಯ ಮುಂದೆ ಎರಡು ಕೊಡ ನೀರಿಟ್ಟುಕೊಂಡು ಕುಳಿತೆವು. ಅವನದು ತಪ್ಪಿಲ್ಲ. ಅವನು ಕೇಳಿದ್ದು ಹದಿನೈದು ಆಂಪಿಯರಿನ ಪಾಯಿಂಟು. ನಾನು ಕೊಟ್ಟದ್ದು ದೀಪದ ವಾಯರು.

“ಐದು ಎಚ್‌ಪಿ ಮೋಟರಿಗೆ ಇದನ್ನ ಹಾಕ್ತಿದ್ರೇನು?”

ಮರುದಿನ ಸುಟ್ಟ ಉರುಳಿ ಹಿಡಿದುಕೊಂಡು ನಮ್ಮ ಮೋಟರು ಸುತ್ತುವ ಹುಡುಗನ ಅಂಗಡಿಗೆ ಹೋದೆ. ಅವನು ನಕ್ಕು ಕೇಳಿದ ಮಾತು ಇದು: “ಕಾಕಾ, ನಿಮ್ಮ ಐದು ಎಚ್‌ಪಿ ಮೋಟರಿಗೆ ಈ ವಾಯರ್ ಹಾಕ್ತಿದ್ರೇನು?”

ಛೇ, ಯಾರು ಹಾಕ್ತಾರ! ಎಂದೆ. “ಮತ್ತ ಕಾರಿಗೆ ಹ್ಯಾಂಗ ಹಾಕಿದ್ರಿ?” ಎಂದ.

ಅವನು ಕಾಗದದ ಮೇಲೆ ಬರೆದು ತೋರಿಸಿದ ಲೆಕ್ಕ ನಮ್ಮೆಲ್ಲರಿಗೂ ಬೇಕಾದದ್ದು. ಒಂದು ಎಚ್‌ಪಿ ಎಂದರೆ 746 ವ್ಯಾಟು. ಕಾರಿನ ಜತೆ ಬರುವ ಕೈಚಾರ್ಜರು ದೊಡ್ಡ ಮೂರು ಪಿನ್ನಿನ ಪ್ಲಗ್ಗಿನಿಂದ ಸಾಮಾನ್ಯವಾಗಿ 10ರಿಂದ 15 ಆಂಪಿಯರ್ ಎಳೆಯುತ್ತದೆ. 230 ವೋಲ್ಟಿನಲ್ಲಿ 12 ಆಂಪಿಯರ್ ಎಂದರೆ 2,760 ವ್ಯಾಟು. ಹತ್ತಿರ ಹತ್ತಿರ ಮೂರೂಮುಕ್ಕಾಲು ಎಚ್‌ಪಿ ಆಯಿತು. ಇನ್ನೊಂದು ಸೂಕ್ಷ್ಮ ಇದೆ. ನಮ್ಮ ಐದು ಎಚ್‌ಪಿ ಮೋಟರು ಮೂರು ಫೇಸಿನದು. ಹೊರೆ ಮೂರು ತಂತಿಗೆ ಹಂಚಿ ತಲಾ ಏಳೂವರೆ ಆಂಪಿಯರಿನ ಆಸುಪಾಸು ಬೀಳುತ್ತದೆ. ಕಾರು ಒಂದೇ ಫೇಸಿನಿಂದ ಹನ್ನೆರಡು ಎಳೆಯುತ್ತದೆ. ಅಂದರೆ ಒಂದೊಂದು ತಂತಿಯ ಮಟ್ಟಿಗೆ ನೋಡಿದರೆ ಕಾರಿನ ಹೊರೆ ಪಂಪಿಗಿಂತ ಹೆಚ್ಚು!

ಅದೂ ಎಷ್ಟು ಹೊತ್ತು? ನೀರು ಕಾಯಿಸುವ ಹೀಟರು, ಮಿಕ್ಸರು ಇವೆಲ್ಲ ಹತ್ತು-ಇಪ್ಪತ್ತು ನಿಮಿಷ. ಕಾರು ಹತ್ತು ತಾಸು ಬಿಡದೆ ಎಳೆಯುತ್ತದೆ. ಹತ್ತು ನಿಮಿಷಕ್ಕೆ ತಡೆದುಕೊಳ್ಳುವ ಸಡಿಲ ಜಾಯಿಂಟು ಹತ್ತು ತಾಸಿಗೆ ತಡೆಯುವುದಿಲ್ಲ.

ಯೂನಿಟ್ಟಿನ ಲೆಕ್ಕ

ಕಾರಿನ ಬ್ಯಾಟರಿಯನ್ನು ನಾವು ಹಗೇವಿನ ಹಾಗೆ ತಿಳಿಯಬೇಕು. ಎಷ್ಟು ಚೀಲ ಹಿಡಿಯುತ್ತದೆ ಎಂದು ಕೇಳುವ ಹಾಗೆ, ಎಷ್ಟು ಯೂನಿಟ್ ಹಿಡಿಯುತ್ತದೆ ಎಂದು ಕೇಳಬೇಕು. ನಮ್ಮ ರಸ್ತೆಗಳಲ್ಲಿ ಹೆಚ್ಚಾಗಿ ಕಾಣುವ ಟಾಟಾ ನೆಕ್ಸಾನ್ ಕಾರು 2020ರಲ್ಲಿ ಬಂದಾಗ ಅದರ ಬ್ಯಾಟರಿ 30.2 ಯೂನಿಟ್ಟಿನದು. 2022ರಲ್ಲಿ ಬಂದ ಚಿಕ್ಕ ಟಿಯಾಗೋದಲ್ಲಿ 19.2 ಮತ್ತು 24 ಯೂನಿಟ್ಟಿನ ಎರಡು ಬಗೆ. ಈಚಿನ ದೊಡ್ಡ ಕಾರುಗಳಲ್ಲಿ ಇದಕ್ಕೂ ಹೆಚ್ಚು. ಕರೆಂಟಿನ ಸ್ಕೂಟರಿನಲ್ಲಿ ಎರಡರಿಂದ ನಾಲ್ಕು ಯೂನಿಟ್. ಸಾಮಾನು ಸಾಗಿಸುವ ಮೂರುಗಾಲಿ ಆಟೋದಲ್ಲಿ ಏಳೆಂಟು ಯೂನಿಟ್ಟಿನಿಂದ ಮೇಲಕ್ಕೆ.

ನಮ್ಮಲ್ಲಿಗೆ ಬಂದ ಕಾರು 30 ಯೂನಿಟ್ಟಿನದು. 12 ಪರ್ಸೆಂಟ್ ಉಳಿದಿತ್ತು. ತುಂಬಲು ಬೇಕಾದದ್ದು 26 ಯೂನಿಟ್ಟಿನಷ್ಟು. ಚಾರ್ಜರಿನ ಬಿಸಿ, ವಾಯರಿನ ಬಿಸಿ ಎಂದು ನಷ್ಟ ಹಿಡಿದರೆ ಮೀಟರಿನಲ್ಲಿ 29-30 ಓಡುತ್ತದೆ. 2,760 ವ್ಯಾಟಿನಲ್ಲಿ ಇದಕ್ಕೆ ಹತ್ತೂವರೆ-ಹನ್ನೊಂದು ತಾಸು ಬೇಕು.

ಇಲ್ಲಿ ನಾನು ಕಲಿತ ಮೊದಲ ಪಾಠ: ಹೊಟ್ಟೆ ತುಂಬಿಸಲೇಬೇಕು ಎಂದಿಲ್ಲ! ‘ನಾಳೆ ಎಲ್ಲಿಗೆ ಹೊಂಟೀರಿ?’ ಎಂದು ಕೇಳಬೇಕು. ಇಂಥ ಕಾರು ಒಂದು ಯೂನಿಟ್ಟಿಗೆ ಆರರಿಂದ ಎಂಟು ಕಿಲೋಮೀಟರ್ ಓಡುತ್ತದೆ. ನಮ್ಮಲ್ಲಿಂದ ದಾಂಡೇಲಿ ಸುಮಾರು 70 ಕಿಲೋಮೀಟರ್. ಹತ್ತು-ಹನ್ನೆರಡು ಯೂನಿಟ್ ಸಾಕು. ಕೈಯಲ್ಲಿ ಉಳಿತಾಯ ಇರಲಿ ಎಂದು ಹದಿನೈದು ಹಾಕಿದರೂ ಆರು ತಾಸಿನ ಕೆಲಸ. ದೊಡ್ಡ ರಸ್ತೆಯ ಬದಿಗೆ ಜೋರಾಗಿ ತುಂಬುವ ಚಾರ್ಜಿಂಗ್ ಸ್ಟೇಷನ್ನುಗಳಿವೆ. ದೂರ ಹೋಗುವವರು ಅಲ್ಲಿ ಮುಕ್ಕಾಲು-ಒಂದು ತಾಸಿನಲ್ಲಿ ತುಂಬಿಸಿಕೊಳ್ಳಬಹುದು. ಅಲ್ಲಿಗೆ ಮುಟ್ಟುವಷ್ಟು ಕೊಡುವುದು ನಮ್ಮ ಕೆಲಸ. ಬಂದವರಿಗೆ ತಂಬಿಗೆ ನೀರು, ತುಂಡು ಬೆಲ್ಲ ಕೊಟ್ಟ ಹಾಗೆ.

ವಾಯರು ಯಾಕೆ ಸುಟ್ಟಿತು?

ಕಣದ ದೀಪದ ವಾಯರು ಒಂದು ಚದರ ಮಿಲಿಮೀಟರಿನದು. ನಲವತ್ತು ಮೀಟರ್ ಉದ್ದ, ಹೋಗಿ ಬರುವ ಎರಡು ಎಳೆ, 12 ಆಂಪಿಯರ್ ಹೊರೆ. ಲೆಕ್ಕ ಹಾಕಿದರೆ ವಾಯರೊಂದರಲ್ಲೇ 17 ವೋಲ್ಟಿನಷ್ಟು ಇಳಿಯುತ್ತದೆ, 200 ವ್ಯಾಟಿಗೂ ಹೆಚ್ಚು ಕರೆಂಟು ಬರೀ ಬಿಸಿಯಾಗಿ ಹೋಗುತ್ತದೆ. ಪೂರ್ತಿ ಬಿಚ್ಚಿ ನೆಲದ ಮೇಲೆ ಎಳೆದಿದ್ದರೆ ಆ ಬಿಸಿ ಉದ್ದಕ್ಕೂ ಹಂಚಿಕೊಂಡು ಗಾಳಿಗೆ ಹೋಗುತ್ತಿತ್ತೋ ಏನೋ. ಅರ್ಧ ಉರುಳಿಯಲ್ಲೇ ಇದ್ದುದರಿಂದ ಹಳೆಯ ನೂರು ವ್ಯಾಟಿನ ಬಲ್ಬು ಉರಿಸಿ ಗೋಣಿಚೀಲದಲ್ಲಿ ಸುತ್ತಿ ಇಟ್ಟ ಹಾಗಾಯಿತು. ಅದೂ ಕಣಿಕಿಯ ಬಣವಿಯ ಪಕ್ಕ!

ಅದೇ ದೂರಕ್ಕೆ ತಾಮ್ರದ ಒಂದೂವರೆ ಚದರ ಮಿ.ಮೀ. ವಾಯರು ಹಾಕಿದರೆ ಬಿಸಿಯಾಗುವುದು 140 ವ್ಯಾಟು. ಎರಡೂವರೆಯದಾದರೆ 85. ನಾಲ್ಕರದಾದರೆ 53 ವ್ಯಾಟು, ವೋಲ್ಟೇಜು ಇಳಿಯುವುದೂ ನಾಲ್ಕೂವರೆಗಿಂತ ಕಡಿಮೆ. ದಪ್ಪ ವಾಯರಿಗೆ ಕೊಟ್ಟ ದುಡ್ಡು ಒಂದೇ ಸಲ. ತೆಳು ವಾಯರಿನಲ್ಲಿ ಸುಡುವ ಯೂನಿಟ್ಟು ದಿನವೂ ಹೋಗುತ್ತದೆ.

ತಾಮ್ರಕ್ಕೆ ಅಲ್ಯೂಮಿನಿಯಂ ತಿರುಚಿ ಟೇಪು ಸುತ್ತುವ ನಮ್ಮ ಅಭ್ಯಾಸವನ್ನೂ ಬಿಡಬೇಕು. ಎಲ್ಲಕ್ಕಿಂತ ಮೊದಲು ಕಾಯುವುದು ಆ ಗಂಟೇ. ಪಂಪಿನ ಸ್ಟಾರ್ಟರ್ ಪೆಟ್ಟಿಗೆಯಲ್ಲಿ ಕರಗಿದ ಟೇಪಿನ ವಾಸನೆ ನೋಡದ ರೈತ ಯಾರಿದ್ದಾನೆ?

ಪಂಪಿನ ಕರೆಂಟಿಗೆ ಕೈ ಹಚ್ಚಬೇಡಿ

ಈ ಮಾತನ್ನು ಸ್ವಲ್ಪ ಬಿಗಿಯಾಗಿಯೇ ಹೇಳುತ್ತೇನೆ. ತೋಟಕ್ಕೆ ಬಂದ ಕಾರು ಬೋರಿನ ಶೆಡ್ಡಿನ ಪಕ್ಕವೇ ನಿಲ್ಲುತ್ತದೆ. ‘ಇಲ್ಲೇ ಮೂರು ಫೇಸ್ ಐತಿ, ಇದರಾಗ ಒಂದು ಎಳದ ಕೊಡೋಣ, ಹೆಂಗೂ ಪುಕ್ಕಟೆ’ ಎಂದು ಮನಸ್ಸು ಹೇಳುತ್ತದೆ. ಬೇಡ.

ನಮ್ಮ ರಾಜ್ಯದಲ್ಲಿ 10 ಎಚ್‌ಪಿವರೆಗಿನ ನೀರಾವರಿ ಪಂಪಿನ ಕರೆಂಟಿಗೆ ಸರಕಾರ ಹಣ ತುಂಬುತ್ತದೆ. ಅದು ನೀರೆತ್ತಲು ಕೊಟ್ಟ ಕರೆಂಟು. 2003ರ ವಿದ್ಯುತ್ ಕಾಯಿದೆಯ 126ನೇ ಕಲಮಿನ ಪ್ರಕಾರ, ಒಂದು ಉದ್ದೇಶಕ್ಕೆ ಪಡೆದ ಕರೆಂಟನ್ನು ಬೇರೆಯದಕ್ಕೆ ಬಳಸಿದರೆ ಅದು ಅನಧಿಕೃತ ಬಳಕೆ. ಅಂಥ ಬಳಕೆಗೆ ಅನ್ವಯಿಸುವ ದರದ ಎರಡು ಪಟ್ಟು ಹಾಕುತ್ತಾರೆ. ಎಂದಿನಿಂದ ಬಳಸುತ್ತಿದ್ದೀರಿ ಎಂಬುದು ಗೊತ್ತಾಗದಿದ್ದರೆ ಹಿಂದಿನ ಹನ್ನೆರಡು ತಿಂಗಳಿಗೆ ಲೆಕ್ಕ ಹಿಡಿಯಬಹುದು. ಒಂದು ರಾತ್ರಿಯ ಉಪಕಾರಕ್ಕೆ ವರ್ಷದ ದಂಡ!

ಕಾಯಿದೆ ಪಕ್ಕಕ್ಕಿಟ್ಟರೂ ಕೆಲಸದ ದೃಷ್ಟಿಯಿಂದಲೂ ಅದು ಒಗ್ಗುವುದಿಲ್ಲ. ಪಂಪಿನ ಮೂರು ಫೇಸು ದಿನಕ್ಕೆ ಏಳು ತಾಸಿನ ಲೆಕ್ಕದಲ್ಲಿ, ಪಾಳಿಯಂತೆ ಬರುತ್ತದೆ. ಪಂಪಿನ ಲೈನಿನ ಮೇಲೆಯೇ ಇರುವ ತೋಟದ ಮನೆಗಳಿಗೆ ಉಳಿದ ಹೊತ್ತು ಸಿಂಗಲ್ ಫೇಸು, ಅದೂ ಮಿಣಮಿಣ. ವೋಲ್ಟೇಜು ತೀರಾ ಇಳಿದರೆ ಚಾರ್ಜರು ತಾನೇ ನಿಂತುಬಿಡುತ್ತದೆ. ಬೆಳಗ್ಗೆ ಎದ್ದ ಅತಿಥಿಗೆ ಕಾರೂ ತುಂಬಿಲ್ಲ, ಸಮಾಧಾನವೂ ಇಲ್ಲ.

ಹಾಗಾದರೆ ಯಾವ ಕರೆಂಟು ಕೊಡಬೇಕು? ಮನೆಯ ಮೀಟರಿನದು, ಇಲ್ಲವೇ ವಸತಿ ವ್ಯವಹಾರಕ್ಕೆಂದೇ ತೆಗೆದುಕೊಂಡ ಮೀಟರಿನದು. ಮನೆಯ ಮೀಟರಿಗೆ ಮಂಜೂರಾದ ಹೊರೆ ಎಷ್ಟು ಕಿಲೋವ್ಯಾಟ್ ಎಂದು ಬಿಲ್ಲಿನಲ್ಲೇ ಇರುತ್ತದೆ. ಹಳ್ಳಿಯ ಮನೆಗಳಲ್ಲಿ ಅದು ಒಂದೋ ಎರಡೋ ಇರುವುದೇ ಹೆಚ್ಚು. ಕಾರೊಂದೇ ಮೂರರ ಹತ್ತಿರ ಎಳೆಯುತ್ತದೆ. ಆದ್ದರಿಂದ ಮೊದಲು ಸೆಕ್ಷನ್ ಆಫೀಸಿಗೆ ಹೋಗಿ ಹೊರೆ ಹೆಚ್ಚಿಸಿಕೊಳ್ಳಬೇಕು. ಧಾರವಾಡ, ಬೆಳಗಾವಿ, ಗದಗ, ಹಾವೇರಿ, ಉತ್ತರ ಕನ್ನಡ, ಬಾಗಲಕೋಟೆ, ವಿಜಯಪುರ - ಈ ಏಳು ಜಿಲ್ಲೆಯವರಿಗೆ ಕರೆಂಟು ಕೊಡುವುದು ಹೆಸ್ಕಾಂ. ಅದರ ದೊಡ್ಡ ಆಫೀಸು ನಮ್ಮ ಮಗ್ಗುಲಿನ ನವನಗರದಲ್ಲೇ ಇದೆ. ಬಾಡಿಗೆ ತೆಗೆದುಕೊಂಡು ಮಂದಿಯನ್ನು ಇರಿಸಿಕೊಳ್ಳುತ್ತೇನೆ, ಅವರ ಗಾಡಿಗೆ ಚಾರ್ಜು ಕೊಡುತ್ತೇನೆ ಎಂದು ಮುಚ್ಚುಮರೆ ಇಲ್ಲದೆ ಬರೆದುಕೊಡಿ. ಯಾವ ದರದ ಮೀಟರು ಬೇಕೆಂದು ಅವರೇ ಹೇಳುತ್ತಾರೆ.

ಲೈಸೆನ್ಸಿನ ಹೆದರಿಕೆ ಬೇಡ. ಗಾಡಿಯ ಬ್ಯಾಟರಿಗೆ ಚಾರ್ಜು ಮಾಡಿಕೊಡುವುದು ಕರೆಂಟು ಮಾರಿದಂತಲ್ಲ, ಅದೊಂದು ಸೇವೆ, ಅದಕ್ಕೆ ವಿದ್ಯುತ್ ಕಾಯಿದೆಯ ಲೈಸೆನ್ಸು ಬೇಡ ಎಂದು ಕೇಂದ್ರದ ವಿದ್ಯುತ್ ಮಂತ್ರಾಲಯ 2018ರ ಏಪ್ರಿಲ್‌ನಲ್ಲೇ ಹೇಳಿದೆ.

ಗೃಹಜ್ಯೋತಿ ಇದ್ದವರು ನೋಡಿ

2023ರಿಂದ ಗೃಹಜ್ಯೋತಿ ಬಂದ ಮೇಲೆ ನಮ್ಮಲ್ಲಿ ಬಹಳ ಮನೆಗಳಿಗೆ ಬಿಲ್ಲು ಸೊನ್ನೆ. ಆದರೆ ಅದು 200 ಯೂನಿಟ್ಟಿನ ಒಳಗೆ, 2022-23ರಲ್ಲಿ ನಾವು ಬಳಸಿದ ಸರಾಸರಿ ಮತ್ತು ಅದರ ಮೇಲೆ ತುಸು. ಮನೆಬಳಕೆಗೆ ಮಾತ್ರ. ನಿಮ್ಮ ಸರಾಸರಿ 60 ಯೂನಿಟ್ ಇತ್ತು ಅನ್ನಿ. ಒಂದು ಕಾರಿನ ಒಂದು ರಾತ್ರಿಯ ಊಟವೇ ಅದರ ಅರ್ಧ. ತಿಂಗಳಿಗೆ ಐದು ಕಾರು ಬಂದರೆ 150 ಯೂನಿಟ್ ಹೆಚ್ಚು. ಒಟ್ಟು 200 ದಾಟಿತೆಂದರೆ ಆ ತಿಂಗಳ ಪೂರ್ತಿ ಬಿಲ್ಲು ನಮ್ಮ ತಲೆಯ ಮೇಲೆ. ಮನೆಯ ದೀಪಕ್ಕೆ ಸಿಕ್ಕ ಸವಲತ್ತನ್ನು ಅತಿಥಿಯ ಕಾರಿಗೆ ಸುರಿದು ಕಳೆದುಕೊಳ್ಳುವುದು ಜಾಣತನವಲ್ಲ. ಡೇರೆಯ ವ್ಯವಹಾರಕ್ಕೆ ಬೇರೆ ಮೀಟರು ಇದ್ದರೆ ಎರಡೂ ಕಡೆ ನಿಶ್ಚಿಂತೆ.

ನಾನು ಈಗ ಮಾಡಿಕೊಂಡ ವ್ಯವಸ್ಥೆ

ಎರಡೂವರೆ ಕ್ವಿಂಟಲ್ ಕಡಲೆ ಮಾರಿದಷ್ಟು ಹಣ ಇದಕ್ಕೆ ಹೋಯಿತು. ಮೀಟರಿನಿಂದ ನೇರವಾಗಿ ಬೇರೆ ಲೈನು. ನಡುವೆ ಒಂದೂ ಜಾಯಿಂಟಿಲ್ಲ. ತಾಮ್ರದ ನಾಲ್ಕು ಚದರ ಮಿ.ಮೀ. ಮೂರೆಳೆ ಕೇಬಲ್ಲು, ನೆಲದೊಳಗೆ ಪೈಪಿನಲ್ಲಿ. ಹೆಗ್ಗಣ ಕಡಿಯಬಾರದು, ರಂಟೆ-ಗುದ್ದಲಿ ತಾಗಬಾರದು ಎಂದು ಎರಡು ಫೂಟು ಆಳ. ಕಾರು ನಿಲ್ಲುವ ಜಾಗವನ್ನೇ ಬದಲಿಸಿದೆ. ಈಗ ಅದು ಬಣವಿ, ಕೊಟ್ಟಿಗೆ, ಡೇರೆ ಮೂರರಿಂದಲೂ ದೂರ. ಅಲ್ಲಿ ಎದೆಯೆತ್ತರದ ಕಲ್ಲುಕಂಬ, ಮಳೆನೀರು ಒಳಹೋಗದ ಪೆಟ್ಟಿಗೆ, ಅದರಲ್ಲಿ 16 ಆಂಪಿಯರಿನ ಗಟ್ಟಿ ಸಾಕೆಟ್ಟು.

ಪೆಟ್ಟಿಗೆಯೊಳಗೆ ಮೂರು ಸಾಮಾನು. ಒಂದು, 16 ಆಂಪಿಯರಿನ ಎಂ.ಸಿ.ಬಿ. ಹೊರೆ ಮೀರಿದರೆ ತಾನೇ ಬೀಳುತ್ತದೆ. ಎರಡು, 30 ಮಿಲಿ ಆಂಪಿಯರಿನ ಆರ್.ಸಿ.ಸಿ.ಬಿ. ಕರೆಂಟು ದಾರಿ ತಪ್ಪಿ ಮನುಷ್ಯನ ಮೈಯೊಳಗೋ ನೆಲಕ್ಕೋ ಸೋರಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಕಡಿದು ಹಾಕುತ್ತದೆ. ಹಸಿ ಹುಲ್ಲಿನ ಮೇಲೆ ಬರಿಗಾಲಲ್ಲಿ ಓಡಾಡುವ ಮಕ್ಕಳಿರುವ ಜಾಗಕ್ಕೆ ಇದು ಇಲ್ಲದೇ ಆಗದು. ಮೂರು, ಒಂದು ಸಣ್ಣ ಸಬ್‌ಮೀಟರು.

ಇನ್ನು ಅರ್ಥಿಂಗು. ಕಾರಿನ ಚಾರ್ಜರುಗಳು ಅರ್ಥಿಂಗು ಸರಿ ಇಲ್ಲದಿದ್ದರೆ ಕೆಂಪು ದೀಪ ತೋರಿಸಿ ಚಾಲೂ ಆಗುವುದೇ ಇಲ್ಲ. ಆಗ ಕೆಲವರು ನ್ಯೂಟ್ರಲ್ಲನ್ನೂ ಅರ್ಥನ್ನೂ ಒಂದು ತುಂಡು ವಾಯರಿನಿಂದ ಜೋಡಿಸಿದ ‘ಜುಗಾಡ್’ ಪ್ಲಗ್ ತೆಗೆಯುತ್ತಾರೆ. ನಿಮ್ಮ ಜಾಗದಲ್ಲಿ ಅದಕ್ಕೆ ಅವಕಾಶ ಕೊಡಬೇಡಿ. ಎಲ್ಲಾದರೂ ನ್ಯೂಟ್ರಲ್ ಕಡಿದರೆ ಕಾರಿನ ಮೈಗೇ ಕರೆಂಟು ಬರುತ್ತದೆ. ನಾನು ಸಾಕೆಟ್ಟಿನ ಹತ್ತಿರವೇ ಗುಂಡಿ ತೆಗೆದು ಪೈಪು ಇಳಿಸಿ ಇದ್ದಲು, ಉಪ್ಪು ತುಂಬಿದ್ದೇನೆ. ನಮ್ಮ ಎರೆ ಮಣ್ಣು ಹಸಿ ಇರುವಾಗ ಅರ್ಥಿಂಗಿಗೆ ಒಳ್ಳೆಯದು. ಬೇಸಿಗೆಯಲ್ಲಿ ಬಿರಿದಾಗ ಪೈಪಿಗೂ ಮಣ್ಣಿಗೂ ಸಂಬಂಧವೇ ತಪ್ಪುತ್ತದೆ. ಫೆಬ್ರುವರಿಯಿಂದ ಮಳೆ ಬೀಳುವವರೆಗೆ ವಾರಕ್ಕೆರಡು ಕೊಡ ನೀರು ಹಾಕುತ್ತೇನೆ. ಕರಿಬೇವಿನ ಗಿಡಕ್ಕೆ ಹಾಕುವಾಗ ಅದಕ್ಕೂ ಒಂದು ಪಾಲು!

ಬೇರೆ ಕಡೆ ಹೇಗಿದೆ?

ಬೇರೆ ದೇಶಗಳಲ್ಲಿ ಡೇರೆ ಹಾಕಿ ಉಳಿಯುವ ಜಾಗಗಳಿಗೆ ಇದು ಹೊಸ ತಲೆನೋವಲ್ಲ. ಯುರೋಪಿನಲ್ಲಿ ಇಂಥ ತಾಣಗಳಲ್ಲಿ ಡೇರೆಯ ಜಾಗದ ಹತ್ತಿರ ಒಂದು ಕಂಬ, ಅದರಲ್ಲಿ ನೀಲಿ ಬಣ್ಣದ ಗುಂಡನೆಯ ಸಾಕೆಟ್ಟು ಇರುತ್ತದೆ. 6, 10 ಇಲ್ಲವೇ 16 ಆಂಪಿಯರಿನದು. ದೀಪಕ್ಕೂ ಅಡಿಗೆಗೂ ಎಂದು ಮಾಡಿದ್ದು. ಕರೆಂಟಿನ ಕಾರು ಬಂದ ಮೇಲೆ ಕೆಲವರು ಕಾರಿಗೆ ಹಚ್ಚಬೇಡಿ ಎಂದು ಹಲಗೆ ಹಾಕಿದರು, ಕೆಲವರು ಬೇರೆ ಸಾಕೆಟ್ಟು ಮಾಡಿ ಬೇರೆ ಹಣ ಇಟ್ಟರು. ಅಮೆರಿಕದಲ್ಲಿ ಮನೆಯನ್ನೇ ಎಳೆದುಕೊಂಡು ತಿರುಗುವ ದೊಡ್ಡ ಗಾಡಿಗಳಿಗೆಂದು 50 ಆಂಪಿಯರಿನ ಸಾಕೆಟ್ಟು ಇರುತ್ತದೆ. ಕಾರಿನವರಿಗೆ ಅದೇ ಅನುಕೂಲ. ಅಲ್ಲಿ ಒಂದು ನಿಯಮ ಇದೆ: ಬಹಳ ಹೊತ್ತು ಎಳೆಯುವ ಹೊರೆಯಾದರೆ ಲೈನಿನ ತಾಕತ್ತಿನ ನೂರಕ್ಕೆ ಎಂಬತ್ತರಷ್ಟೇ ಬಳಸಬೇಕು. 50ಕ್ಕೆ 40. ನಮ್ಮ 16ರ ಸಾಕೆಟ್ಟಿಗೆ ಈ ಲೆಕ್ಕ ಹಿಡಿದರೆ 13ರ ಒಳಗೆ. ಹತ್ತು ಚೀಲದ ಗಾಡಿಗೆ ಎಂಟು ಚೀಲ ಹೇರಿದರೆ ಎತ್ತಿಗೂ ಸುಖ, ಅಚ್ಚಿಗೂ ಸುಖ. ಕೆಲವು ಕಾರುಗಳಲ್ಲಿ ಎಷ್ಟು ಆಂಪಿಯರ್ ಎಳೆಯಬೇಕೆಂದು ಕಡಿಮೆ ಮಾಡಿಕೊಳ್ಳಲು ಬರುತ್ತದೆ. ಮಾಲಕರಿಗೆ ಹೇಳಿ ಮಾಡಿಸಿ.

ನಮ್ಮ ನಾಡಿಗೂ ಇದು ತೀರ ಹೊಸದೇನಲ್ಲ. ಬೆಂಗಳೂರಿನ ರೇವಾ ಕಾರು 2001ರಲ್ಲೇ ರಸ್ತೆಗಿಳಿದಿತ್ತು. ಅದೂ ಮನೆಯ 15 ಆಂಪಿಯರ್ ಪ್ಲಗ್ಗಿನಿಂದಲೇ ತುಂಬಿಕೊಳ್ಳುತ್ತಿತ್ತು, ಒಮ್ಮೆ ತುಂಬಿದರೆ 80 ಕಿಲೋಮೀಟರ್. ಅಷ್ಟು ಸಣ್ಣ ಬ್ಯಾಟರಿಯ ಕಾರು ಊರು ಬಿಟ್ಟು ಹೊರಗೆ ಬರುವ ಹಾಗಿರಲಿಲ್ಲ. ಈಗಿನವು ಬರುತ್ತವೆ. 2017ರಲ್ಲಿ ಕರೆಂಟಿನ ವಾಹನಗಳಿಗೆಂದೇ ನೀತಿ ಮಾಡಿದ ಮೊದಲ ರಾಜ್ಯವೂ ನಮ್ಮದೇ.

ಇನ್ವರ್ಟರು, ಜನರೇಟರು, ಸೋಲಾರು?

ಬಂದವರು ಕೇಳುವ ಪ್ರಶ್ನೆ ಇದು. ಕರೆಂಟು ಹೋದರೆ ಮನೆಯ ಇನ್ವರ್ಟರಿನಿಂದ ಹಾಕಬಹುದೇ? ಆಗದು. 12 ವೋಲ್ಟಿನ 150 ಆಂಪಿಯರ್-ತಾಸಿನ ಬ್ಯಾಟರಿಯಲ್ಲಿ ಇರುವುದೇ 1.8 ಯೂನಿಟ್. ಅದನ್ನು ಪೂರ್ತಿ ಹಿಂಡಿದರೂ ಕಾರು ಹತ್ತು-ಹನ್ನೆರಡು ಕಿಲೋಮೀಟರ್ ಹೋದೀತು, ನಮ್ಮ ಬ್ಯಾಟರಿ ಹಾಳು. ಡೀಸೆಲ್ ಜನರೇಟರು ಹಚ್ಚಿ ಕರೆಂಟಿನ ಕಾರಿಗೆ ಹಾಕುವುದು, ಹಾಲು ಮಾರಿ ಹಾಲಿನ ಪುಡಿ ತಂದ ಹಾಗೆ.

ಸೋಲಾರು ಯೋಚಿಸಬೇಕಾದದ್ದು. ಮನೆ ಮಾಡಿನ ಮೇಲೆ 3 ಕಿಲೋವ್ಯಾಟಿನ ಹಲಗೆ ಕೂರಿಸಿದರೆ ನಮ್ಮ ಬಿಸಿಲಿಗೆ ದಿನಕ್ಕೆ ಸುಮಾರು ಹನ್ನೆರಡು ಯೂನಿಟ್. ಕಾರಿಗೆ ಎಂಬತ್ತು ಕಿಲೋಮೀಟರಿನ ದಾರಿ. 2024ರಲ್ಲಿ ಶುರುವಾದ ಪಿ.ಎಂ. ಸೂರ್ಯಘರ್ ಯೋಜನೆಯಲ್ಲಿ ಮನೆಗಳಿಗೆ 3 ಕಿಲೋವ್ಯಾಟಿಗೆ 78,000 ರೂಪಾಯಿವರೆಗೆ ಸಹಾಯಧನ ಇಟ್ಟಿದ್ದಾರೆ. ನಾನಿನ್ನೂ ಕೂರಿಸಿಲ್ಲ. ಮಗಳ ಮದುವೆ ಮುಗಿಯಲಿ ಎಂದು ನಮ್ಮಾಕೆಯ ಅಪ್ಪಣೆಯಾಗಿದೆ.

ಜೋರಾಗಿ ತುಂಬುವ ದೊಡ್ಡ ಚಾರ್ಜರನ್ನು ನಾವೇ ಕೂರಿಸೋಣ ಎಂಬ ಆಸೆ ಸಣ್ಣ ರೈತರಿಗೆ ಬೇಡ. 60 ಕಿಲೋವ್ಯಾಟಿನ ಒಂದು ಚಾರ್ಜರು ಎಂದರೆ 80 ಎಚ್‌ಪಿ. ನಮ್ಮ ಹೊಲಗಳ ನಡುವೆ ನಿಂತ 63 ಕೆ.ವಿ.ಎ. ಟಿ.ಸಿ.ಯನ್ನು ಅದೊಂದೇ ನುಂಗುತ್ತದೆ. ನಮ್ಮದು ರಾತ್ರಿ ನಿಧಾನಕ್ಕೆ ಮೇಯುವ ಗೋಮಾಳವಾಗಿರಲಿ, ಸಾಕು.

ದುಡ್ಡು ಕೇಳುವುದು ಹೇಗೆ?

ನನಗೆ ಬಹಳ ಕಷ್ಟವಾದದ್ದು ಇದೇ. ಬಂದವರಿಗೆ ಊಟಕ್ಕೆ ‘ಇನ್ನೊಂದು ರೊಟ್ಟಿ ಹಾಕ್ಲೇನ್ರಿ’ ಎಂದು ಬಲವಂತ ಮಾಡುವ ಮಂದಿ ನಾವು. ಕರೆಂಟಿಗೆ ರೊಕ್ಕ ಕೇಳುವುದೆಂದರೆ ನಾಲಗೆ ಏಳುವುದಿಲ್ಲ. ಆದರೆ ಸಬ್‌ಮೀಟರು ಹಾಕಿದ ಮೇಲೆ ಕೇಳುವ ಕೆಲಸವೇ ಉಳಿಯಲಿಲ್ಲ. ಸಂಜೆ ಅತಿಥಿಯನ್ನೇ ಕರೆದು ಅಂಕಿ ಬರೆಸುತ್ತೇನೆ, ಬೆಳಗ್ಗೆ ಮತ್ತೆ ಅವರೇ ಬರೆಯುತ್ತಾರೆ. ಕಳೆದು ಬಂದ ಯೂನಿಟ್ಟಿಗೆ ಬಿಲ್ಲಿನ ದರ, ಅದರ ಮೇಲೆ ಮೀಟರಿನ ನಿಗದಿ ಶುಲ್ಕದ ಪಾಲು, ವಾಯರಿನ ಸವಕಳಿ ಸೇರಿಸಿ ಒಂದು ದರ ಹಲಗೆಯ ಮೇಲೆ ಮೊದಲೇ ಬರೆದಿಟ್ಟಿದ್ದೇನೆ. ಬರುವ ಮೊದಲು ಫೋನಿನಲ್ಲೂ ಹೇಳುತ್ತೇನೆ. ಈವರೆಗೆ ಒಬ್ಬರೂ ತಕರಾರು ಮಾಡಿಲ್ಲ. ಪೆಟ್ರೋಲಿನ ಲೆಕ್ಕದಲ್ಲಿ ನೋಡಿದರೆ ಅವರಿಗೆ ಅಗ್ಗವೇ. ಹೇಳದೆ ಬೆಳಗ್ಗೆ ಬಿಲ್ಲು ಕೊಟ್ಟರೆ ಮಾತ್ರ ಮನಸ್ತಾಪ.

ಮಲಗುವ ಮುಂಚೆ ಒಂದು ಕೆಲಸ ತಪ್ಪಿಸುವುದಿಲ್ಲ. ಚಾರ್ಜು ಹಚ್ಚಿ ಅರ್ಧ ತಾಸಿಗೆ ಹೋಗಿ ಹೊರಗಿನಿಂದ ಪ್ಲಗ್ಗಿನ ಪ್ಲಾಸ್ಟಿಕ್ಕಿಗೆ ಅಂಗೈ ಹಿಂಬದಿ ತಾಗಿಸಿ ನೋಡುತ್ತೇನೆ. ಬೆಚ್ಚಗಿದ್ದರೆ ಸರಿ. ಕೈ ಇಡಲು ಆಗದಷ್ಟು ಬಿಸಿಯಿದ್ದರೆ ಎಂ.ಸಿ.ಬಿ. ಇಳಿಸಿ, ನಿಲ್ಲಿಸಿ, ಸಾಕೆಟ್ಟು ಬದಲಿಸುವುದೇ. ಹೊರೆ ಇರುವಾಗ ಪ್ಲಗ್ ಕಿತ್ತರೆ ಕಿಡಿ ಹಾರುತ್ತದೆ. ಮೊದಲು ಕಾರಿನಲ್ಲಿ ನಿಲ್ಲಿಸಬೇಕು, ಆಮೇಲೆ ಕೀಳಬೇಕು.

ನಾಳೆ ನಮ್ಮ ಗಾಡಿಗೂ

ಇದು ಬರೀ ಪೇಟೆಯವರ ಕಾರಿನ ಸುದ್ದಿ ಎಂದು ಪುಟ ತಿರುವಬೇಡಿ. ಕಾಯಿಪಲ್ಯ, ಹಾಲು ಸಾಗಿಸುವ ಮೂರುಗಾಲಿ ಕರೆಂಟಿನ ಆಟೋಗಳು ನಮ್ಮ ರಸ್ತೆಗೂ ಬಂದಿವೆ. ನಮ್ಮ ಮಕ್ಕಳ ಸ್ಕೂಟರು ಅಂತೂ ಬಂದೇ ಬಿಟ್ಟಿದೆ. ಉಳ್ಳಾಗಡ್ಡಿಯೋ ಮೆಣಸಿನಕಾಯಿಯೋ ಹೇರಿಕೊಂಡು ಅಮರಗೋಳದ ಮಾರುಕಟ್ಟೆ ಅಂಗಳದಲ್ಲಿ ರಾತ್ರಿ ಕಳೆಯುವ ರೈತನ ಗಾಡಿಗೂ, ಬೀಗರ ಮನೆಗೆ ಹೋದವನ ಸ್ಕೂಟರಿಗೂ ಇದೇ ಲೆಕ್ಕ, ಇದೇ ಎಚ್ಚರ. ಸ್ಕೂಟರಿನ ಹೊರೆ ಕಡಿಮೆ, ಒಂದು ಎಚ್‌ಪಿಯ ಸುತ್ತಮುತ್ತ. ಆದರೆ ಅದನ್ನೂ ಮೇವಿನ ಕೋಣೆಯಲ್ಲಿ, ಮಲಗುವ ಮನೆಯ ಬಾಗಿಲಲ್ಲಿ ಹಚ್ಚಬಾರದು.

ಆ ಬೆಂಗಳೂರಿನ ಹುಡುಗ ಈ ವರ್ಷ ಮತ್ತೆ ಬಂದಿದ್ದ. ಕಂಬ, ಪೆಟ್ಟಿಗೆ, ಮೀಟರು ಎಲ್ಲ ನೋಡಿ, “ಅಂಕಲ್, ಇವತ್ತು ನೀರಿನ ಕೊಡ ಬೇಡ್ವಾ?” ಎಂದು ನಕ್ಕ. ಆದರೂ ಎರಡು ಕೊಡ ಅಲ್ಲೇ ಇಟ್ಟಿದ್ದೆ. ಕರೆಂಟಿನ ಬೆಂಕಿಗೆ ಮೇನ್ ಇಳಿಸುವ ತನಕ ನೀರು ಹಾಕಬಾರದು. ಆದರೆ ಬಣವಿಗೆ ಹತ್ತಿದ ಮೇಲೆ ನೀರೇ ಬೇಕಲ್ಲ! ಬೆಳಗ್ಗೆ ಮೀಟರು ನೋಡಿ 17 ಯೂನಿಟ್ಟಿನ ಹಣ ಎಣಿಸಿ ಕೊಟ್ಟು, ಒಂದು ಡಜನ್ ಪೇರಲ ಕೊಂಡು ದಾಂಡೇಲಿ ದಾರಿ ಹಿಡಿದ.

ನೆನಪಿಡಿ

* ಕಾರಿಗೆ ಕೊಡುವ ಪ್ಲಗ್ ಎಂದರೆ ಮೂರು-ನಾಲ್ಕು ಎಚ್‌ಪಿಯ ಮೋಟರು ರಾತ್ರಿಯಿಡೀ ಓಡಿಸಿದ ಹಾಗೆ.

* ಪಂಪ್‌ಸೆಟ್ಟಿನ ಲೈನಿನಿಂದ ಎಂದೂ ಕೊಡಬೇಡಿ.

* ಮೀಟರಿನಿಂದ ಬೇರೆ ಲೈನು, ತಾಮ್ರದ ನಾಲ್ಕು ಚದರ ಮಿ.ಮೀ. ವಾಯರು, ಎಂ.ಸಿ.ಬಿ., 30 ಮಿಲಿ ಆಂಪಿಯರಿನ ಆರ್.ಸಿ.ಸಿ.ಬಿ., ಒಳ್ಳೆಯ ಅರ್ಥಿಂಗು. ಕೆಲಸ ಲೈಸೆನ್ಸಿದ್ದ ವಾಯರ್‌ಮನ್ನನಿಂದಲೇ ಆಗಲಿ.

* ಉರುಳಿಯ ವಾಯರು ಬೇಡ. ಅನಿವಾರ್ಯವಾದರೆ ದಪ್ಪನೆಯದನ್ನು ಪೂರ್ತಿ ಬಿಚ್ಚಿ, ಜಾಯಿಂಟು ನೆಲಕ್ಕೆ ತಾಗದಂತೆ.

* ಬಣವಿ, ಕೊಟ್ಟಿಗೆ, ಡೇರೆಗಳಿಂದ ದೂರ.

* ಒಂದು ಸಾಕೆಟ್ಟಿಗೆ ಒಂದೇ ಕಾರು. ಕಾರು ಹಚ್ಚಿದಾಗ ಅದೇ ಲೈನಿನಲ್ಲಿ ಹೀಟರು, ಗಿರಣಿ ಬೇಡ.

* ‘ನಾಳೆ ಎಲ್ಲಿಗೆ?’ ಎಂದು ಕೇಳಿ, ಬೇಕಾದಷ್ಟೇ ತುಂಬಿಸಿ. ದರ ಮೊದಲೇ ಹೇಳಿ.

* ಕರೆಂಟಿನ ತೊಂದರೆಗೆ 1912ಕ್ಕೆ ಫೋನು ಮಾಡಿ.

ತೋಟದಲ್ಲಿ ಅತಿಥಿಗಳನ್ನು ಇರಿಸಿಕೊಳ್ಳುವ ಬೇರೆ ಕೃಷಿಕರೂ ಇರುತ್ತೀರಿ. ನೀವು ಹೇಗೆ ನಿಭಾಯಿಸಿದಿರಿ, ಎಲ್ಲಿ ಎಡವಿದಿರಿ? ಬರೆಯಿರಿ. ಒಬ್ಬರ ಬಣವಿ ಉಳಿದರೂ ಬರೆದದ್ದು ಸಾರ್ಥಕ.